ಕುಟ್ಟಿ, ಜಾಲಿಸಿ, ಎಣಿಸಿ: ಕಲ್ಲಲ್ಲಿ ಬಂಗಾರ ನೋಡಿದ ನನ್ನ ಅನುಭವ

ಹೊಳೆ ಮರಳಾದರೆ ತಟ್ಟೆಯಲ್ಲಿ ಜಾಲಿಸಿ ನೋಡಬಹುದು, ಕಲ್ಲಾದರೆ ಲ್ಯಾಬಿಗೇ ಕೊಡಬೇಕು, ಇದು ನಮ್ಮ ಕಡೆ ಎಲ್ಲರ ಮಾತು. ಕೆಜಿಎಫ್‌ನಲ್ಲಿ ಅಸ್ಸೇ ಕೆಲಸದಲ್ಲೇ, ಅಂದರೆ ಕಲ್ಲನ್ನು ಕುಲುಮೆಯಲ್ಲಿ ಕರಗಿಸಿ ಎಷ್ಟು ಬಂಗಾರವಿದೆ ಅಂತ ಅಳೆಯುವುದರಲ್ಲೇ, ಸರ್ವೀಸ್ ಮುಗಿಸಿದ ಹಿರಿಯರೊಬ್ಬರಂತೂ ನನ್ನ ಸಾಮಾನು ನೋಡಿ ನಕ್ಕುಬಿಟ್ಟಿದ್ದರು. "ಏನಪ್ಪಾ, ಒರಳು ತಟ್ಟೆ ಇಟ್ಕೊಂಡು ಫೈರ್ ಅಸ್ಸೇ ಮಾಡಕ್ಕೆ ಹೊರಟಿದ್ದೀಯಾ?" ಹೋದ ಬೇಸಿಗೆಯಲ್ಲಿ ಲ್ಯಾಬ್ ರಿಪೋರ್ಟ್ ಬಂತು. ಅದನ್ನೂ ನನ್ನ ನೋಟ್‌ಬುಕ್ಕನ್ನೂ ಅವರ ಮುಂದೆ ಪಕ್ಕಪಕ್ಕದಲ್ಲಿಟ್ಟೆ. ಯಾವುದು ಹೆಚ್ಚು, ಯಾವುದು ಕಡಿಮೆ, ಯಾವುದು ಸೊನ್ನೆ ಅಂತ ನಾನು ಬರೆದಿದ್ದ ಸಾಲೇ ಅಲ್ಲೂ ಇತ್ತು, ಒಂದು ಸ್ಯಾಂಪಲ್ ಬಿಟ್ಟು. ಆ ಒಂದರ ಕಥೆ ಆಮೇಲೆ.

ನಮ್ಮದು ಚಿತ್ತೂರು ಜಿಲ್ಲೆ, ಕುಪ್ಪಂ ಪಕ್ಕದ ಗುಡುಪಲ್ಲೆ ಕಡೆ. ಬಂಗಾರದ ಎಳೆಗಳಿರುವ ಕಲ್ಲಿನ ಪಟ್ಟಿ, ಕೋಲಾರದ ಶಿಸ್ಟ್ ಪಟ್ಟಿ, ರಾಜ್ಯದ ಗಡಿಕಲ್ಲು ನೋಡಿ ನಿಲ್ಲುವುದಿಲ್ಲ. ಸುಮಾರು 80 ಕಿಲೋಮೀಟರ್ ಉದ್ದದ ಆ ಪಟ್ಟಿ ಬಿಸಾನತ್ತಂ, ಚಿಗರಗುಂಟ ದಾಟಿ ತಮಿಳುನಾಡಿನ ಕಡೆ ಇಳಿಯುತ್ತದೆ. ಭಾರತ್ ಗೋಲ್ಡ್ ಮೈನ್ಸ್‌ನವರು ಚಿಗರಗುಂಟದಲ್ಲೂ ಗಣಿ ನಡೆಸುತ್ತಿದ್ದರು, 2001ರಲ್ಲಿ ಕೆಜಿಎಫ್ ಜೊತೆಗೆ ಅದೂ ಮುಚ್ಚಿತು. ಹಾಗಾಗಿ ನಮ್ಮಲ್ಲಿ ಬಾವಿ ತೋಡುವಾಗ ಬೆಣಚುಕಲ್ಲು ಬಂದರೆ ಯಾರೂ ಸುಮ್ಮನೆ ಎಸೆಯುವುದಿಲ್ಲ, ಒಂದು ಸಲ ಬಿಸಿಲಿಗೆ ಹಿಡಿದು ನೋಡಿಯೇ ಎಸೆಯುವುದು. ನನ್ನ ಸ್ಯಾಂಪಲ್‌ಗಳೆಲ್ಲ ನಮ್ಮ ಜಮೀನಿನ, ನೆಂಟರ ಜಮೀನಿನ ಬಾವಿಗಳಿಂದ ಎತ್ತಿ ದಡಕ್ಕೆ ಹಾಕಿದ ಕಲ್ಲು. ಹಳೇ ಗಣಿಬಾವಿಗೆ ಇಳಿಯುವ ಕೆಲಸ ನಾನು ಮಾಡಿಲ್ಲ, ನೀವೂ ಮಾಡಬೇಡಿ. ನಾಲ್ಕಾರು ಕಿಲೋ ಕಲ್ಲು ಕುಟ್ಟಿ ನೋಡುವುದು ಬೇರೆ, ಬಂಗಾರ ತೆಗೆಯಲು ಹೊರಡುವುದು ಬೇರೆ. ಅದಕ್ಕೆ ಗಣಿ ಗುತ್ತಿಗೆ ಬೇಕು ಅಂತ ನಿಮಗೆಲ್ಲ ಗೊತ್ತೇ ಇದೆ.

ಕಲ್ಲು ಆರಿಸುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಲಿನ ಹಾಗೆ ಬೆಳ್ಳಗಿರುವ ದಪ್ಪ ಬೆಣಚು ನನಗೆ ಒಂದು ಸಲವೂ ಏನೂ ಕೊಟ್ಟಿಲ್ಲ. ಬೂದು ನೀಲಿ ಗೆರೆ ಇರುವುದು, ಪಕ್ಕದ ಕರಿಕಲ್ಲಿಗೆ ಅಂಟಿಕೊಂಡು ಬಂದದ್ದು, ತುಕ್ಕು ಹಿಡಿದ ಸಣ್ಣ ತೂತುಗಳಿರುವುದು, ಇವನ್ನು ಬಿಡಬೇಡಿ. ಆದರೆ ಚೆಂದದ ಚೂರುಗಳನ್ನಷ್ಟೇ ಆರಿಸಿಕೊಂಡರೆ ಲೆಕ್ಕ ಸುಳ್ಳಾಗುತ್ತದೆ. ಕಲ್ಲಿನಲ್ಲಿ ಓಡುವ ಬೆಣಚಿನ ಎಳೆಯ ಅಡ್ಡಕ್ಕೆ, ಈ ಕಡೆಯಿಂದ ಆ ಕಡೆಗೆ, ಸಮನಾಗಿ ಒಡೆದು ತಗೊಳ್ಳಿ. ಒಂದು ಕಿಲೋ ಸಾಲದು, ಐದು ಕಿಲೋ ಆದರೂ ಬೇಕು. ಉದ್ದ, ಅಗಲ, ದಪ್ಪ ಮೂರೂ ಅರ್ಧ ಮಿಲಿಮೀಟರ್ ಇರುವ ಒಂದೇ ಒಂದು ಚೌಕ ಬಂಗಾರದ ಕಾಳು ಹೆಚ್ಚುಕಡಿಮೆ 2.4 ಮಿಲಿಗ್ರಾಂ ತೂಗುತ್ತದೆ. ಒಂದು ಕಿಲೋ ಸ್ಯಾಂಪಲ್‌ನಲ್ಲಿ ಅದೊಂದು ಬಿದ್ದರೆ ಟನ್ನಿಗೆ ಎರಡೂವರೆ ಗ್ರಾಂ ಹತ್ತಿರ ತೋರಿಸುತ್ತದೆ, ಬೀಳದಿದ್ದರೆ ಸೊನ್ನೆ.

ದುಡ್ಡು ಹೋದದ್ದೆಲ್ಲ ಕುಟ್ಟುವುದರಲ್ಲೇ. ಮೊದಲು ಮನೆಯ ಹಳೇ ವೆಟ್ ಗ್ರೈಂಡರ್‌ಗೆ ಜಲ್ಲಿ ಮಾಡಿದ ಬೆಣಚು ಹಾಕಿದೆ. ಗುಂಡು ತಿರುಗಿತು, ಪುಡಿಯೂ ಆಯಿತು, ಆದರೆ ಆ ಪುಡಿಯಲ್ಲಿ ಅರ್ಧದಷ್ಟು ಗ್ರೈಂಡರಿನ ಕಲ್ಲೇ. ಬೆಲ್ಟ್ ಸುಟ್ಟ ವಾಸನೆಗೆ ಮನೆಯವಳು ಬಂದು ಪ್ಲಗ್ ಕಿತ್ತಳು. ಹೊಸ ಗ್ರೈಂಡರ್ ಬರುವವರೆಗೆ ದೋಸೆ ಇಲ್ಲ ಅಂತ ತೀರ್ಮಾನವಾಯಿತು. ಐದಾರು ಸಾವಿರ ಅಲ್ಲಿಗೆ ಹೋಯಿತು.

ಆಮೇಲೆ ಹೊಸೂರಿನ ಗುಜರಿಯಲ್ಲಿ ದವಡೆಯ ಹಾಗೆ ಕಲ್ಲು ಅಗಿಯುವ ಸಣ್ಣ ಜಾ ಕ್ರಷರ್ ಒಂದು ಸಿಕ್ಕಿತು, ಮೋಟಾರ್ ಸೇರಿ ಮೂವತ್ತೈದು ಸಾವಿರದ ಆಸುಪಾಸು. ಮೋಟಾರ್ ತ್ರೀ ಫೇಸ್, ಮನೆಯದು ಸಿಂಗಲ್ ಫೇಸ್. ಮೋಟಾರ್ ಬದಲಿಸಲು ಇನ್ನೊಂದು ಹತ್ತು ಸಾವಿರ. ಅಷ್ಟು ಮಾಡಿದ ಮೇಲೆ ಅದು ಕಡಲೆಕಾಳಿನ ಗಾತ್ರಕ್ಕೆ ಒಡೆದು ಕೊಟ್ಟಿತು, ಅದಕ್ಕಿಂತ ಸಣ್ಣಗೆ ಒಡೆಯುವುದು ಅದರ ಜಾಯಮಾನದಲ್ಲೇ ಇಲ್ಲ. ಕಡಲೆ ಗಾತ್ರಕ್ಕಾದರೆ ಸುತ್ತಿಗೆ ಸಾಕಿತ್ತು.

ಮೂರನೆಯದು ಚೈನ್ ಮಿಲ್. ದಪ್ಪ ಪೈಪಿನೊಳಗೆ ತಿರುಗುವ ಶಾಫ್ಟ್, ಶಾಫ್ಟಿಗೆ ಸರಪಳಿ ತುಂಡುಗಳು. ವೆಲ್ಡಿಂಗ್‌ನವನು ಹದಿನೈದು ಸಾವಿರ ತಗೊಂಡು ಚೆನ್ನಾಗಿಯೇ ಮಾಡಿಕೊಟ್ಟ. ಐದು ಕಿಲೋ ಕಲ್ಲು ಕಣ್ಣುಮುಚ್ಚಿ ತೆಗೆಯುವುದರೊಳಗೆ ಹಿಟ್ಟು. ಊರೆಲ್ಲ ಬಂದು ನೋಡಿದರು. ತೊಂದರೆ ಗೊತ್ತಾದದ್ದು ಬಂಗಾರ ಇಲ್ಲದ ಬೆಳ್ಳನೆ ಬೆಣಚನ್ನು ಹಾಕಿ ನೋಡಿದಾಗ, ಅದರಲ್ಲೂ ಹಳದಿ ಚುಕ್ಕಿ ಕಂಡಿತು! ಹಿಂದಿನ ಸ್ಯಾಂಪಲ್‌ನ ಬಂಗಾರ ಸರಪಳಿಗೆ ಮೆತ್ತಿಕೊಂಡು ಮುಂದಿನದಕ್ಕೆ ಇಳಿಯುತ್ತಿತ್ತು. ಸಾಲದ್ದಕ್ಕೆ ಸವೆದ ಕಬ್ಬಿಣದ ಪುಡಿ ಬೇರೆ. ಅಯಸ್ಕಾಂತ ಹಿಡಿದರೆ ಕಬ್ಬಿಣ ಗಂಟುಗಂಟಾಗಿ ಏಳುತ್ತದೆ, ಆ ಗಂಟಿನೊಳಗೆ ಬಂಗಾರವೂ ಸಿಕ್ಕಿಕೊಂಡು ಹೋಗುತ್ತದೆ. ಈಗಲೂ ಚೈನ್ ಮಿಲ್ ಬಳಸುವವರಿದ್ದರೆ ಎರಡು ಸ್ಯಾಂಪಲ್ ಮಧ್ಯೆ ಬರೀ ಬೆಣಚು ಹಾಕಿ ತೊಳೆಯಿರಿ, ಆ ತೊಳೆದ ಪುಡಿಯನ್ನೂ ಜಾಲಿಸಿ ನೋಡಿ.

ಕೊನೆಗೆ ನಿಂತದ್ದು ಎರಡು ಸಾವಿರದೊಳಗಿನ ಸಾಮಾನು. ನಾಲ್ಕು ಇಂಚಿನ ದಪ್ಪ ಪೈಪಿನ ತುಂಡು, ಬುಡಕ್ಕೆ ಒಂದು ಇಂಚಿನ ಪ್ಲೇಟ್ ವೆಲ್ಡಿಂಗ್, ಒನಕೆಗೆ ಲಾರಿಯ ಹಳೇ ಆಕ್ಸಲ್. ಆಕ್ಸಲ್ ಗಟ್ಟಿ ಉಕ್ಕು, ಸವೆಯುವುದು ಬಹಳ ಕಡಿಮೆ. ಪೈಪಿನ ಬಾಯಿಗೆ ಒದ್ದೆ ಗೋಣಿ ಸುತ್ತಿ, ಒಳಗೆ ಸ್ವಲ್ಪ ನೀರು ಹಾಕಿಯೇ ಕುಟ್ಟುವುದು. ಬೆಣಚಿನ ದೂಳು ಏನು ಮಾಡುತ್ತದೆ ಅನ್ನುವುದನ್ನು ಕೆಜಿಎಫ್‌ನ ಹಳೇ ಕಾರ್ಮಿಕರ ಮನೆಗಳಲ್ಲಿ ಕೆಮ್ಮು ಕೇಳಿದವರಿಗೆ ಹೇಳಬೇಕಾಗಿಲ್ಲ. ಒಣದಾಗಿ ಕುಟ್ಟುವವರ ಹತ್ತಿರ ನಾನು ನಿಲ್ಲುವುದೂ ಇಲ್ಲ.

ಗುಟ್ಟು ಇರುವುದು ಜರಡಿಯಲ್ಲಿ. ಬೆಂಗಳೂರಿನಿಂದ 30, 60, 100 ಮೆಶ್ (ಒಂದು ಇಂಚಿಗೆ ಅಷ್ಟು ಕಣ್ಣು) ಸ್ಟೀಲ್ ಜಾಲರಿ ತಂದು ಮರದ ಚೌಕಟ್ಟಿಗೆ ಹೊಡೆದುಕೊಂಡೆ. ಒಂದಷ್ಟು ಕುಟ್ಟು, ಜರಡಿ ಹಿಡಿ, ಕೆಳಗೆ ಇಳಿದದ್ದನ್ನು ಎತ್ತಿಡು, ಮೇಲೆ ಉಳಿದದ್ದನ್ನಷ್ಟೇ ಮತ್ತೆ ಕುಟ್ಟು. ಎಲ್ಲವನ್ನೂ ಒಂದೇ ಸಲ ಹಿಟ್ಟು ಮಾಡಿದರೆ ಬಿಡಿಯಾಗಿದ್ದ ಬಂಗಾರವನ್ನೂ ಜಜ್ಜಿ ತೆಳು ರೇಕು ಮಾಡುತ್ತೀರಿ, ಅದು ನೀರಿನ ಮೇಲೆ ತೇಲಿಹೋಗುತ್ತದೆ. ಕಲ್ಲು ಒಡೆಯುತ್ತದೆ, ಬಂಗಾರ ಒಡೆಯುವುದಿಲ್ಲ, ಚಪ್ಪಟೆಯಾಗುತ್ತದೆ. ಆದ್ದರಿಂದ ಕಡೆಯಲ್ಲಿ ಜರಡಿಯ ಮೇಲೆ ಉಳಿಯುವ ಒಂದು ಚಿಟಿಕೆಯನ್ನು ಎಸೆಯಬೇಡಿ. ನನಗೆ ಸಿಕ್ಕ ಅತಿ ದೊಡ್ಡ ಚೂರು 30 ಮೆಶ್ ಜಾಲರಿಯ ಕಣ್ಣಿಗೆ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಅಂಚು ಮಡಚಿಕೊಂಡು, ಒನಕೆಯ ಗೀರು ಅದರ ಮೇಲೆ ಹಾಗೇ ಅಚ್ಚಾಗಿತ್ತು. ಗುಂಡುಪಿನ್ನಿನಲ್ಲಿ ಬಿಡಿಸಬೇಕಾಯಿತು.

ಜಾಲಿಸುವ ಮುಂಚೆ ಹಿಟ್ಟು ತೆಗೆಯಬೇಕು. ಬಕೆಟ್‌ನಲ್ಲಿ ಕಲಕಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಬಿಳಿ ನೀರನ್ನು ಬಸಿದು ಇನ್ನೊಂದು ಬಕೆಟ್‌ಗೆ ಹಾಕುವುದು, ನೀರು ತಿಳಿಯಾಗುವವರೆಗೆ. ಹಾಗೇ ತಟ್ಟೆಗೆ ಹಾಕಿದರೆ ಆ ಮಡ್ಡಿ ನೀರಲ್ಲಿ ಸಣ್ಣ ಬಂಗಾರ ತಳಕ್ಕೆ ಇಳಿಯುವುದೇ ಇಲ್ಲ. ಸಣ್ಣ ಬಂಗಾರ ನೀರಿನ ಮೇಲೆ ತೇಲದಿರಲಿ ಅಂತ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಹಾಕುವುದು ಎಲ್ಲರಿಗೂ ಗೊತ್ತು. ನಾನು ಅಂಟುವಾಳದ ನೀರನ್ನೂ ಹಾಕಿ ನೋಡಿದೆ. ನೊರೆ ವಿಪರೀತ, ಆ ನೊರೆಗೆ ಅಂಟಿಕೊಂಡು, ಬಂಗಾರದ ಹಾಗೆ ಹೊಳೆಯುವ ಖನಿಜ ಪೈರೈಟಿನ ಪುಡಿ ಮಿನುಗುತ್ತ ಮೇಲೆ ಬಂತು. ನೊರೆಯಲ್ಲಿ ಅದಿರು ತೇಲಿಸಿ ಬೇರೆ ಮಾಡುವ ಫ್ಲೊಟೇಶನ್ ತೊಟ್ಟಿ ಕಂಡವರಿಗೆ ಅದು ಅರ್ಥವಾಗುತ್ತದೆ. ಜಾಲಿಸುವುದಕ್ಕೆ ಮಾತ್ರ ಅದು ಬೇಡ.

30ರಿಂದ 60, 60ರಿಂದ 100, 100ರ ಕೆಳಗಿನದು, ಮೂರನ್ನೂ ಬೇರೆಬೇರೆಯಾಗಿ ಜಾಲಿಸುತ್ತೇನೆ. ದಪ್ಪ ಮರಳೂ ಸಣ್ಣ ಬಂಗಾರವೂ ಒಂದೇ ತಟ್ಟೆಯಲ್ಲಿದ್ದರೆ ಮರಳನ್ನು ಓಡಿಸುವಷ್ಟು ನೀರಿನಲ್ಲಿ ಬಂಗಾರವೂ ಓಡುತ್ತದೆ. ಕೊನೆಗೆ ಉಳಿಯುವ ಕಪ್ಪು ಮರಳಿನ ಬಾಲದ ತುದಿಯಲ್ಲಿ ಹಳದಿ ಇದ್ದರೆ ತಟ್ಟೆಯನ್ನು ನೆರಳಿಗೆ ತನ್ನಿ. ಕಾಗೆಬಂಗಾರವೂ ಪೈರೈಟೂ ತಿರುಗಿಸಿದಾಗ ಮಿಂಚಿ ಆರುತ್ತವೆ, ಬಂಗಾರ ನೆರಳಲ್ಲೂ ಅದೇ ಬಣ್ಣ. ಸೂಜಿಯಿಂದ ಒತ್ತಿದರೆ ಪೈರೈಟ್ ಪುಡಿ, ಬಂಗಾರಕ್ಕೆ ಬರೀ ಗುರುತು ಬೀಳುತ್ತದೆ. ಆಮೇಲೂ ಅನುಮಾನವಿದ್ದರೆ ನಮ್ಮ ಆಚಾರ್ರ ಅಂಗಡಿಯಲ್ಲಿ ನೈಟ್ರಿಕ್ ಆಸಿಡ್ ಒಂದು ಹನಿ, ಅದಕ್ಕೆ ಬಂಗಾರ ಕರಗುವುದಿಲ್ಲ. ಕೊನೆಯ ಒಂದು ಚಮಚ ಕಪ್ಪು ಮರಳಿನಿಂದ ಚುಕ್ಕಿಗಳನ್ನು ಬೇರೆ ಮಾಡಲು ನಾನು ತಟ್ಟೆ ಬಳಸುವುದಿಲ್ಲ. ಏನು ಬಳಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಪಾದರಸವಂತೂ ಅಲ್ಲ, ಅದನ್ನು ಮನೆಯೊಳಗೆ ಬಿಟ್ಟುಕೊಳ್ಳುವವನು ನಾನಲ್ಲ.

ಆ ಹಿರಿಯರ ನಿಜವಾದ ತಕರಾರು ಇದ್ದದ್ದು ಇಲ್ಲಿ: "ನೀನು ಎಷ್ಟು ಕಳ್ಕೊಂಡೆ ಅಂತ ನಿಂಗೆ ಹೆಂಗೆ ಗೊತ್ತು?" ನ್ಯಾಯವಾದ ಪ್ರಶ್ನೆ. ಅದಕ್ಕೆ ಸೀಸ ಹಿಡಿದೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಅರದಲ್ಲಿ ಉಜ್ಜಿ, ಆ ಪುಡಿಯನ್ನು 60ರ ಕೆಳಗೆ 100ರ ಮೇಲೆ ಜರಡಿ ಹಿಡಿದು, ಲೆನ್ಸ್ ಇಟ್ಟು ಇಪ್ಪತ್ತು ಚೂರು ಎಣಿಸಿ ಬರೀ ಬೆಣಚು ಪುಡಿಗೆ ಬೆರೆಸುವುದು. ಆಮೇಲೆ ಜಾಲಿಸಿ ಎಷ್ಟು ವಾಪಸ್ ಬಂತು ಅಂತ ಎಣಿಸುವುದು. ಸೀಸದ ಸಾಂದ್ರತೆ 11ರ ಮೇಲೆ ಸ್ವಲ್ಪ, ಬಂಗಾರದ್ದು 19. ಸೀಸವನ್ನು ಹಿಡಿದಿಟ್ಟ ಕೈ ಅದೇ ಗಾತ್ರದ ಬಂಗಾರವನ್ನು ಬಿಡುವುದಿಲ್ಲ. ಶುರುವಿನಲ್ಲಿ ಹತ್ತು ಹನ್ನೆರಡು ಸಿಗುತ್ತಿತ್ತು. ಈಗ ಹದಿನೇಳು ಹದಿನೆಂಟಕ್ಕೆ ಕಡಿಮೆಯಿಲ್ಲ. ಬೆರೆಸುವುದನ್ನು ಇನ್ನೊಬ್ಬರಿಂದ ಮಾಡಿಸಿ, ಎಷ್ಟು ಹಾಕಿದರು ಅಂತ ಕೇಳಬೇಡಿ. ನನ್ನ ಬಾಮೈದ ಒಂದು ಸಲ ಏನೂ ಹಾಕದೆ ಕೊಟ್ಟು, "ಭಾವ, ಸರಿಯಾಗಿ ಹುಡುಕಿ, ಇದೆ ಇದೆ" ಅಂತ ಮಧ್ಯಾಹ್ನವೆಲ್ಲ ಕೂರಿಸಿದ್ದ.

ಎಣಿಕೆಯ ಲೆಕ್ಕ ಹೀಗೆ: 0.1 ಮಿಲಿಮೀಟರಿನ ಚೌಕ ಕಾಳು ಸುಮಾರು 0.02 ಮಿಲಿಗ್ರಾಂ. ಅಂಥವು ಐವತ್ತು ಒಂದು ಕಿಲೋದಲ್ಲಿದ್ದರೆ ಟನ್ನಿಗೆ ಒಂದು ಗ್ರಾಂ. ಚಪ್ಪಟೆಯಾದದ್ದನ್ನು ನಾನು ಕಾಲುಭಾಗ ಅಂತ ಹಿಡಿಯುತ್ತೇನೆ. ನನ್ನ ಅಂದಾಜು ಲ್ಯಾಬಿಗಿಂತ ಯಾವಾಗಲೂ ಕಡಿಮೆ, ಮೂರರಲ್ಲಿ ಎರಡು ಪಾಲು ಅನ್ನಿ. ಅತಿ ಹೆಚ್ಚಿನದು ಲ್ಯಾಬಿನಲ್ಲಿ ಆರು ಗ್ರಾಂ ಹತ್ತಿರ ಬಂದಿತ್ತು, ನಾನು ನಾಲ್ಕು ಬರೆದಿದ್ದೆ. ಒಂದೊಂದು ಸ್ಯಾಂಪಲ್ ಲ್ಯಾಬಿಗೆ ಕಳಿಸಲು ಸಾಗಣೆ ಸೇರಿ ನನಗೆ ಎರಡು ಸಾವಿರ ಬಿದ್ದಿತ್ತು. ಹತ್ತು ಕಲ್ಲಲ್ಲಿ ಎಂಟನ್ನು ತಟ್ಟೆಯಲ್ಲೇ ತಳ್ಳಿಹಾಕಿ ಎರಡನ್ನು ಕಳಿಸಿದರೆ ಉಳಿದದ್ದು ನಮ್ಮ ಜೇಬಿನಲ್ಲೇ. 1802ರಲ್ಲಿ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ವಾರೆನ್ ಈ ಕಡೆ ಬಂದಾಗ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಹೆಂಗಸರು ಕಲ್ಲು ಕುಟ್ಟಿ ಜಾಲಿಸುತ್ತಿದ್ದರಲ್ಲ, ಅವರ ಹತ್ತಿರ ಯಾವ ಲ್ಯಾಬ್ ಇತ್ತು ಅಂತ ನಾನೂ ಆ ಹಿರಿಯರನ್ನು ಕೇಳಿದೆ. ಅವರು ಚಹಾ ಕುಡಿದು ಎದ್ದರು.

ತಪ್ಪಿದ ಆ ಒಂದು ಸ್ಯಾಂಪಲ್‌ನಲ್ಲಿ ಬೆಣಚು ಕಡಿಮೆ, ಬೂದು ಬಣ್ಣದ ಸಲ್ಫೈಡ್ (ಲೋಹದ ಜೊತೆ ಗಂಧಕ ಸೇರಿದ ಖನಿಜ) ಜಾಸ್ತಿ. ತಟ್ಟೆಯಲ್ಲಿ ಎರಡೋ ಮೂರೋ ಚುಕ್ಕಿ, ಲ್ಯಾಬಿನಲ್ಲಿ ಎರಡು ಗ್ರಾಂ ಮೇಲೆ. ಬಂಗಾರ ಸಲ್ಫೈಡಿನೊಳಗೆ ಹುದುಗಿದ್ದರೆ ಎಷ್ಟು ಕುಟ್ಟಿದರೂ ಬಿಡಿಯಾಗುವುದಿಲ್ಲ. ಕೆಜಿಎಫ್‌ನಲ್ಲೇ ಚಾಂಪಿಯನ್ ಅನ್ನುವ ಮುಖ್ಯ ಎಳೆಯದು ಬಿಡಿ ಬಂಗಾರ, ಪಶ್ಚಿಮದ ಎಳೆಗಳದ್ದು ಸಲ್ಫೈಡ್. ಹಾಗಾಗಿ ತಟ್ಟೆಯಲ್ಲಿ ಸಲ್ಫೈಡ್ ಒಂದು ಚಮಚದ ಮೇಲೆ ಉಳಿದರೆ ಚುಕ್ಕಿ ಎಣಿಸುವುದನ್ನು ಬಿಟ್ಟು ಆ ಸಲ್ಫೈಡನ್ನೇ ಲ್ಯಾಬಿಗೆ ಕಳಿಸುತ್ತೇನೆ. ಸುಟ್ಟು ಬಿಡಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಅದರಲ್ಲಿ ಆರ್ಸೆನಿಕ್ ಸೇರಿದ ಸಲ್ಫೈಡ್, ಆರ್ಸೆನೊಪೈರೈಟ್, ಇದ್ದರೆ ಬರುವುದು ಪಾಷಾಣದ ಹೊಗೆ, ಬೆಳ್ಳುಳ್ಳಿ ವಾಸನೆ ಬಂದರೆ ಅಲ್ಲಿಂದ ಓಡುವುದೊಂದೇ ದಾರಿ.

ಬರೀ ಬೆಣಚನ್ನು ಮಾತ್ರ ಸುಟ್ಟು ನೋಡಿದ್ದೇನೆ. ಸೌದೆ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಆಮೇಲೆ ಅರ್ಧ ಏಟಿಗೆ ಒಡೆಯುತ್ತದೆ. 573 ಡಿಗ್ರಿಯಲ್ಲಿ ಬೆಣಚು ಒಳಗೇ ಹಿಗ್ಗಿ ಬಿರಿಯುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯ ಹಳೇ ಕಾಲದ ಬಂಗಾರದ ಗಣಿಗಳಲ್ಲೂ ಬಂಡೆಗೆ ಬೆಂಕಿ ಹಾಕಿಯೇ ಒಡೆದಿದ್ದಾರೆ. ಕುಟ್ಟುವ ಹೊತ್ತು ಅರ್ಧ ಉಳಿಯಿತು, ಸೌದೆಯ ಖರ್ಚು ಅದನ್ನು ತಿಂದಿತು. ಸಲ್ಫೈಡ್ ಒಂದು ಚೂರೂ ಇಲ್ಲ ಅಂತ ಖಾತ್ರಿಯಿದ್ದರೆ ಮಾತ್ರ ಮಾಡಿ.

ಈಗ ಕೈಹಾಕಿರುವುದು ಬೋರ್‌ವೆಲ್ ಪುಡಿಗೆ. ರಿಗ್ ಹ್ಯಾಮರ್ ಕಲ್ಲನ್ನು ಆಗಲೇ ಕುಟ್ಟಿ ಕೊಟ್ಟಿರುತ್ತದೆ, ನನ್ನ ಆಕ್ಸಲ್‌ಗೆ ಅರ್ಧ ಕೆಲಸ ಕಡಿಮೆ. ಪ್ರತಿ ಇಪ್ಪತ್ತು ಅಡಿಗೆ ಒಂದು ಗೋಣಿಚೀಲ ಹಿಡಿದು ನಿಂತರೆ ಆಳದ ಲೆಕ್ಕವೂ ಸಿಗುತ್ತದೆ. ತೊಂದರೆ ಎರಡು. ಮೇಲಿನ ಅಡಿಯ ಪುಡಿ ಕೆಳಗಿನದಕ್ಕೆ ಬೆರೆಯುತ್ತದೆ, ರಾಡಿನ ಗ್ರೀಸ್ ಪುಡಿಗೆ ಹತ್ತಿ ಬಂಗಾರ ತೇಲುವಂತೆ ಮಾಡುತ್ತದೆ. ಗ್ರೀಸಿಗೆ ಬಿಸಿನೀರು, ಬಟ್ಟೆ ಸೋಡಾ ಹಾಕಿ ನೆನೆಸಿದರೆ ಆಗುತ್ತದೆ. ಬೆರೆಯುವುದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇನೆ. ರಿಗ್‌ನ ಹುಡುಗರಿಗೆ ಊಟ, ಬೀಡಿ ಖರ್ಚು ನನ್ನದೇ, ಒಂದು ಬೋರಿಗೆ ಐನೂರರ ಹತ್ತಿರ ಆಗುತ್ತದೆ.