ಹೆಚ್ಚಿಟ್ಟ ಹಣ್ಣು: ತೊಳೆಯುವುದು, ತಂಪಿನಲ್ಲಿಡುವುದು

ಬೆಂಗಳೂರಿನ ಕೆಲವು ಕಚೇರಿಗಳಿಗೆ ಹೆಚ್ಚಿದ ಹಣ್ಣಿನ ಡಬ್ಬಿಗಳನ್ನು ಒದಗಿಸುವುದು ನನ್ನ ಕಸುಬು. ಹೊಸ ಗಿರಾಕಿಗಳು ಮೊದಲು ಕೇಳುವುದು ಕಲ್ಲಂಗಡಿಗೆ ಬಣ್ಣ ಚುಚ್ಚಿದ್ದಾರೆಯೇ ಎಂದು. ಸಿಪ್ಪೆಯನ್ನು ಹೇಗೆ ತೊಳೆಯುತ್ತೀರಿ, ಹೆಚ್ಚಿದ ಮೇಲೆ ಎಷ್ಟು ತಂಪಿನಲ್ಲಿಡುತ್ತೀರಿ ಎಂದು ಕೇಳುವವರು ಅಪರೂಪ. ನನ್ನ ತಲೆಬಿಸಿಯೆಲ್ಲ ಇರುವುದು ಇವೆರಡರಲ್ಲೇ.

ಎಲ್ಲಕ್ಕಿಂತ ತಂಟೆಯ ಹಣ್ಣು ಕರಬೂಜ. ಸಿಂಗೇನ ಅಗ್ರಹಾರದ ಮಾರುಕಟ್ಟೆಯಿಂದ ತಂದ ಹಣ್ಣನ್ನು ಬೆಳಕಿಗೆ ಹಿಡಿದರೆ ಸಿಪ್ಪೆಯ ಬಲೆ ಬಲೆಯಾದ ಗೀರುಗಳ ನಡುವೆ ಮಣ್ಣು ಕೂತಿರುವುದು ಕಾಣುತ್ತದೆ. ನೆಲಕ್ಕೆ ತಾಗಿ ಬೆಳೆಯುವ ಹಣ್ಣು. ಗೊಬ್ಬರ, ನೀರು, ಬುಟ್ಟಿ, ಕೈ ಎಲ್ಲದರ ಪಾಲೂ ಅಲ್ಲಿರುತ್ತದೆ. ಚಾಕು ಇಳಿದ ಕೂಡಲೇ ಸಿಪ್ಪೆಯ ಮೇಲಿದ್ದದ್ದು ತಿರುಳಿಗೆ ಸೇರುತ್ತದೆ. ‘ಹಣ್ಣು ತಾನೇ, ಏನಾಗುತ್ತದೆ’ ಎನ್ನುವವರಿಗೆ ನಾನು 2011ರ ಸಂಗತಿ ಹೇಳುತ್ತೇನೆ: ಅಮೆರಿಕದ ಕೊಲೊರಾಡೊದ ಒಂದೇ ತೋಟದ ಕರಬೂಜದಿಂದ ಹರಡಿದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ 33 ಮಂದಿ ಸತ್ತರು.

ಹಣ್ಣು ಬಂದ ದಿನವೇ ತೊಳೆಯುತ್ತೇವೆ. ಮೊದಲು ಹರಿಯುವ ನೀರಿನಲ್ಲಿ ಗಡಸು ಬ್ರಷ್ಷಿನಿಂದ ಉಜ್ಜುವುದು. ತೊಟ್ಟು ಕಳಚಿದ ಗುಳಿಯನ್ನು ಉಜ್ಜಲು ಹುಡುಗರಿಗೆ ಸದಾ ಮರೆವು. ಅದಕ್ಕೆ ನಾನೇ ಎದುರು ನಿಲ್ಲುತ್ತೇನೆ. ಮಣ್ಣು ಹೋದ ಮೇಲೆಯೇ ಕ್ಲೋರಿನ್. ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ದ್ರಾವಣವನ್ನು ಲೀಟರ್ ನೀರಿಗೆ 2 ಮಿ.ಲೀ. ಬೆರೆಸಿದರೆ ಸುಮಾರು 100 ಪಿಪಿಎಂ, ಅಂದರೆ ಲೀಟರಿಗೆ 100 ಮಿ.ಗ್ರಾಂ. ಕ್ಲೋರಿನ್ ಆಗುತ್ತದೆ. ಎರಡು ನಿಮಿಷ ಮುಳುಗಿಸಿ, ಕುಡಿಯುವ ನೀರಿನಲ್ಲಿ ಜಾಲಿಸುತ್ತೇವೆ. ನೀರು ಕೊಳೆಯಾದಷ್ಟೂ ಕ್ಲೋರಿನ್ ಅದರಲ್ಲೇ ಖರ್ಚಾಗುತ್ತದೆ. ಕ್ಲೋರಿನ್ ಅಳೆಯುವ ಕಾಗದದ ಪಟ್ಟಿ ಅದ್ದಿದಾಗ ಬಣ್ಣ ಏರದಿದ್ದರೆ ಚೆಲ್ಲಿ ಹೊಸ ನೀರು ಹಿಡಿಯಬೇಕು. ಇನ್ನೊಂದು ಮಾತು. ಬಿಸಿಲಲ್ಲಿ ಕಾದ ಹಣ್ಣನ್ನು ತಣ್ಣೀರಿಗೆ ಹಾಕಬಾರದು. ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದಿಂದ ನೀರನ್ನೂ ಅದರಲ್ಲಿದ್ದ ಬ್ಯಾಕ್ಟೀರಿಯಾವನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ನೆರಳಿನಲ್ಲಿ ಆರಲು ಬಿಟ್ಟು, ಹಣ್ಣಿಗಿಂತ ತುಸು ಬೆಚ್ಚಗಿನ ನೀರು ಬಳಸುತ್ತೇವೆ.

ಇಷ್ಟು ಮಾಡಿದರೂ ಎಲ್ಲವೂ ಸಾಯುವುದಿಲ್ಲ. ಉಳಿದವು ಬೆಳೆಯದಂತೆ ತಡೆಯುವುದು ತಂಪಿನ ಕೆಲಸ. ತೊಳೆದು ಒರೆಸಿದ ಹಣ್ಣನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ತಣ್ಣಗಿರುವಾಗಲೇ ಹೆಚ್ಚುತ್ತೇವೆ. ಬೆಚ್ಚಗಿನ ಹಣ್ಣನ್ನು ಹೆಚ್ಚಿ ಡಬ್ಬಿಗಳನ್ನು ಒತ್ತಾಗಿ ಪೇರಿಸಿದರೆ ನಡುವಿನ ಡಬ್ಬಿ ತಣ್ಣಗಾಗುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ಫ್ರಿಜ್‌ನ ಅಂಕಿಯನ್ನು ನಾನು ನಂಬುವುದಿಲ್ಲ. ನಡುವಿನ ತಟ್ಟೆಯಲ್ಲಿ ನೀರಿನ ಲೋಟವಿಟ್ಟು ಅದರಲ್ಲಿ ಥರ್ಮಾಮೀಟರ್ ಅದ್ದಿರುತ್ತೇನೆ. ಬಾಗಿಲು ತೆರೆದಾಗಲೆಲ್ಲ ಗಾಳಿಯ ಶಾಖ ಜಿಗಿಯುತ್ತದೆ, ನೀರಿನದು ನಿಧಾನ, ಹಣ್ಣಿನಂತೆಯೇ. ಅದು 5 ಡಿಗ್ರಿ ದಾಟಬಾರದು. ಅಮೆರಿಕದ ಆಹಾರ ಸಂಹಿತೆ ಹೆಚ್ಚಿದ ಕರಬೂಜ, ಕಲ್ಲಂಗಡಿಗಳಿಗೆ ಹೇಳುವ ಮಿತಿಯೂ ಅದೇ.

ಅನಾನಸ್‌ಗೆ ಇಷ್ಟು ಬಿಗಿ ಬೇಕಿಲ್ಲ. ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4ರ ಆಸುಪಾಸು. ಆ ಹುಳಿಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬದುಕಿದರೂ ವೃದ್ಧಿಸುವುದು ಕಷ್ಟ. ಕಲ್ಲಂಗಡಿ, ಪಪ್ಪಾಯಿಯದು 5ರ ಮೇಲೆ, ಕರಬೂಜದ್ದು 6ಕ್ಕೂ ಮೇಲೆ. ಹಾಗಾಗಿ ಬೆರಕೆ ಡಬ್ಬಿಯ ಆಯುಷ್ಯವನ್ನು ತೀರ್ಮಾನಿಸುವುದು ಕರಬೂಜವೇ. ನಿಂಬೆರಸ ಹಿಂಡಿದರೆ ಸೇಬು ಕಪ್ಪಾಗುವುದು ತಪ್ಪುತ್ತದೆ, ಅಷ್ಟೇ. ತಂಪಿಗೂ ಮಿತಿಯುಂಟು: ಲಿಸ್ಟೀರಿಯಾ 4 ಡಿಗ್ರಿಯಲ್ಲೂ ಮೆಲ್ಲಗೆ ಬೆಳೆಯುತ್ತದೆ. ಆದ್ದರಿಂದ ಕರಬೂಜ, ಪಪ್ಪಾಯಿಗಳನ್ನು ಮರುದಿನದಾಚೆ ಇಡುವುದಿಲ್ಲ, ನೋಡಲು ಎಷ್ಟೇ ಚೆನ್ನಾಗಿರಲಿ. ಹುಳಿ ವಾಸನೆ, ಲೋಳೆ ಎಲ್ಲ ಬೇರೆ ಸೂಕ್ಷ್ಮಜೀವಿಗಳ ಕೆಲಸ. ಕಾಯಿಲೆ ತರುವಂಥವು ಸಾಮಾನ್ಯವಾಗಿ ವಾಸನೆಯಿಂದ ಸುಳಿವು ಕೊಡುವುದಿಲ್ಲ. (ನಿಮ್ಮೆದುರೇ ಹೆಚ್ಚಿಕೊಡುವ ಗಾಡಿಯವನ ಮೇಲೆ ನನಗೆ ನಂಬಿಕೆ ಹೆಚ್ಚು, ಬೆಳಗಿನಿಂದ ಗಾಜಿನ ಪೆಟ್ಟಿಗೆಯಲ್ಲಿ ಮಿರುಗುವ ಹೋಳುಗಳ ಮೇಲಲ್ಲ.)

ಸಾಗಣೆಗೆ ಐಸ್ ಪ್ಯಾಕ್‌ಗಳನ್ನು ಡಬ್ಬಿಗಳ ಕೆಳಗೂ ಮೇಲೂ ಇಡುತ್ತೇವೆ. ಆಮೇಲಿನದು ಗಿರಾಕಿಯ ಕೈಯಲ್ಲಿ. ಒಂದು ಕಚೇರಿಯಲ್ಲಿ ಡಬ್ಬಿಗಳು ಸಂಜೆಯವರೆಗೆ ಮೇಜಿನ ಮೇಲೇ ಕೂತಿರುತ್ತಿದ್ದವು. ಉಳಿದದ್ದನ್ನು ವಾಪಸ್ ಪಡೆದು ಬಿಲ್ ಇಳಿಸಿ ಎಂದರು. ಇಳಿಸಲಿಲ್ಲ. ಈಗ ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಹೆಚ್ಚಿದ ಹೊತ್ತನ್ನೂ ‘ಹೊರಗೆ ತೆಗೆದ ಎರಡು ಗಂಟೆಯೊಳಗೆ ತಿನ್ನಿ’ ಎಂಬ ಸಾಲನ್ನೂ ಅಂಟಿಸುತ್ತೇವೆ. ಮರಳಿ ಬಂದ ಡಬ್ಬಿ ಏನಿದ್ದರೂ ಗೊಬ್ಬರದ ಗುಂಡಿಗೆ.