ಪಿ.ಜಿ.ಗೆ ಅಡ್ವಾನ್ಸ್ ಕೊಡುವ ಮೊದಲು ಟೆರೇಸ್ ಬಾಗಿಲು ನೋಡಿ ಬನ್ನಿ

ಪಿ.ಜಿ. ಹುಡುಕುವಾಗ ಊಟ ಹೇಗೆ, ವೈಫೈ ಇದೆಯಾ, ಕಾಲೇಜು ಎಷ್ಟು ದೂರ ಅಂತೆಲ್ಲ ಕೇಳುತ್ತೇವೆ. ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿ ಯಾವುದು ಅಂತ ಮಾತ್ರ ಕೇಳುವುದಿಲ್ಲ. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮನೂ ಕೇಳುವುದಿಲ್ಲ. ದಯವಿಟ್ಟು ಕೇಳಿ, ಅದೂ ದುಡ್ಡು ಕೊಡುವ ಮೊದಲೇ.

ಮೊದಲು ಮೆಟ್ಟಿಲು

ಬೆಂಗಳೂರಿನಲ್ಲಿ ಪುಟ್ಟ ಸೈಟಿನ ಮೇಲೆ ನಾಲ್ಕೈದು ಅಂತಸ್ತು ಎದ್ದಿರುವ ಪಿ.ಜಿ.ಗಳು ಬೇಕಾದಷ್ಟಿವೆ. ಇರುವುದು ಒಂದೇ ಮೆಟ್ಟಿಲು. ಅದರ ಬುಡದಲ್ಲಿ ಕರೆಂಟ್ ಮೀಟರ್‌ಗಳು, ಪಕ್ಕದಲ್ಲೇ ಬೈಕುಗಳು. ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್ ಕೂಡ ಅಲ್ಲೇ ಇರುತ್ತದೆ. ಅಲ್ಲಿ ಕಿಡಿ ಹತ್ತಿದರೆ ಮೆಟ್ಟಿಲ ಜಾಗವೇ ಹೊಗೆ ಕೊಳವೆಯ ಹಾಗೆ ಹೊಗೆಯನ್ನು ಮೇಲೆ ಎಳೆದುಕೊಳ್ಳುತ್ತದೆ. ಇಳಿಯುವ ದಾರಿ ಅಲ್ಲಿಗೆ ಮುಗಿಯಿತು.

2023ರ ಜೂನ್‌ನಲ್ಲಿ ದೆಹಲಿಯ ಮುಖರ್ಜಿ ನಗರದ ಕೋಚಿಂಗ್ ಕಟ್ಟಡದಲ್ಲಿ ಆದದ್ದು ಇದೇ. ಮೀಟರ್ ಬೋರ್ಡಿನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಕ್ಕೇರಿ, ವಿದ್ಯಾರ್ಥಿಗಳು ಕಿಟಕಿಯಿಂದ ಹಗ್ಗ, ವೈರು ಹಿಡಿದು ಇಳಿದರು. ನಮ್ಮ ಬೆಂಗಳೂರಿನಲ್ಲೇ 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಕೆಲವರು ಮೇಲಿಂದ ಹಾರಿದರು. ತುರ್ತು ಬಾಗಿಲಿಗೆ ಬೀಗ ಬಿದ್ದಿತ್ತು.

ಹಾಗಾಗಿ ಲಿಫ್ಟ್ ಬಿಟ್ಟು ಟೆರೇಸಿನವರೆಗೆ ನೀವೇ ಹತ್ತಿ ನೋಡಿ. ಬಾಗಿಲಿಗೆ ಬೀಗ ಇದೆಯಾ? ರಾತ್ರಿ ಕೀಲಿ ಯಾರ ಹತ್ತಿರ ಇರುತ್ತದೆ? ‘ಓನರ್ ಮನೆಯಲ್ಲಿದೆ’ ಎಂದರೆ ಆ ಬಾಗಿಲು ಇಲ್ಲ ಅಂತಲೇ ಲೆಕ್ಕ. ಒಳಗಿನಿಂದ ತೆಗೆಯುವ ಚಿಲಕ ಹಾಕಿಸಿ ಎಂದು ಕೇಳಿ. ಗೇಟಿನ ಕೀಲಿಯೂ ರಾತ್ರಿ ಕಟ್ಟಡದ ಒಳಗೇ ಇರಬೇಕು. ಕಿಟಕಿಗೆ ಗ್ರಿಲ್ ಇದ್ದರೆ ಒಂದಾದರೂ ತೆರೆಯುವಂಥದ್ದು ಬೇಕು.

ಒಂದು ರೂಮನ್ನು ಪ್ಲೈವುಡ್ಡಿನಿಂದ ಎರಡು ಮಾಡಿದ್ದರೆ ಬೇರೆ ಕಡೆ ನೋಡುವುದು ಒಳ್ಳೆಯದು. ಪ್ಲೈವುಡ್ ಬೇಗ ಹೊತ್ತಿಕೊಳ್ಳುತ್ತದೆ. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ ಇರಬೇಕು ಅಂತ ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆ (ಬಿಬಿಎಂಪಿ) 2024ರಲ್ಲೇ ನಿಯಮ ಮಾಡಿತ್ತು.

ರೂಮಿನೊಳಗಿನ ಪ್ಲಗ್ಗು

ಗೋಡೆಯ ಸಣ್ಣ ಪ್ಲಗ್ 6 ಆಂಪ್‌ನದು. 230 ವೋಲ್ಟಿಗೆ ಲೆಕ್ಕ ಹಾಕಿದರೆ ಸುಮಾರು 1,380 ವಾಟ್ ಮಾತ್ರ ತಾಳುತ್ತದೆ. ನೀರು ಕಾಯಿಸುವ ರಾಡ್ ಸಾಮಾನ್ಯವಾಗಿ 1,500 ವಾಟ್, ಇಂಡಕ್ಷನ್ ಒಲೆ 2,000ದವರೆಗೂ ಹೋಗುತ್ತದೆ. ಇವನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ವೈರು ಒಳಗೊಳಗೇ ಕಾಯುತ್ತದೆ. ಪ್ಲಗ್ ಮುಟ್ಟಿದರೆ ಬಿಸಿ, ಸುಟ್ಟ ಪ್ಲಾಸ್ಟಿಕ್ ವಾಸನೆ, ಸಾಕೆಟ್ ಸುತ್ತ ಕಂದು ಕಲೆ. ಇವುಗಳಲ್ಲಿ ಒಂದು ಕಂಡರೂ ಬಳಸುವುದನ್ನು ನಿಲ್ಲಿಸಿ. ಮಲಗುವಾಗ ಫೋನನ್ನಾಗಲಿ ಲ್ಯಾಪ್‌ಟಾಪನ್ನಾಗಲಿ ಹಾಸಿಗೆ ಮೇಲೆ ಚಾರ್ಜಿಗಿಟ್ಟು ನಿದ್ದೆ ಹೋಗಬೇಡಿ.

ಸಿಗರೇಟಿನ ಮಾತು

ಕಾಲೇಜು ಆವರಣದಲ್ಲಿ ಸೇದುವುದು 2003ರ ತಂಬಾಕು ನಿಯಂತ್ರಣ ಕಾಯ್ದೆಯಲ್ಲೇ (ಕೋಟ್ಪಾ) ನಿಷಿದ್ಧ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಸೇದಿದರೆ 1,000 ರೂಪಾಯಿವರೆಗೆ ದಂಡ. 21 ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ.

ಪಿ.ಜಿ. ಗೋಡೆಯ ಮೇಲೆ ‘ಧೂಮಪಾನ ನಿಷೇಧಿಸಿದೆ’ ಅಂತ ಬರೆದಿರುತ್ತಾರೆ. ಅಷ್ಟಕ್ಕೇ ಸೇದುವವರು ಬಿಡುವುದಿಲ್ಲ, ಕದ್ದು ಸೇದುತ್ತಾರೆ. ನನ್ನನ್ನು ಕೇಳಿದರೆ ಅಪಾಯ ಜಾಸ್ತಿ ಇರುವುದು ಈ ಕದ್ದು ಸೇದುವುದರಲ್ಲೇ. ವಾರ್ಡನ್ ಹೆಜ್ಜೆ ಸದ್ದು ಕೇಳಿದ ಕೂಡಲೇ ಅರ್ಧ ಸೇದಿದ ಸಿಗರೇಟು ಕಸದ ಡಬ್ಬಿಗೋ ಮಂಚದ ಕೆಳಗೋ ಹೋಗುತ್ತದೆ. ಹೊಗೆ ಪತ್ತೆ ಮಾಡುವ ಸಾಧನಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟುವವರೂ ಇದ್ದಾರೆ. ಹಾಗೆ ಕಟ್ಟಿದರೆ ಮಲಗಿರುವ ಅಷ್ಟೂ ಜನರ ಎಚ್ಚರಿಕೆ ಗಂಟೆಯನ್ನು ಕಿತ್ತುಕೊಂಡಂತೆ.

ಸಿಗರೇಟು ತುದಿಯ ಕೆಂಡ ಹತ್ತಿಯ ಹಾಸಿಗೆಗೆ ಬಿದ್ದರೆ ಉರಿ ಏಳದೆ ಗಂಟೆಗಟ್ಟಲೆ ಒಳಗೇ ಹೊಗೆಯಾಡುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ನಿದ್ದೆಯಲ್ಲಿರುವವರಿಗೆ ಎಚ್ಚರವಾಗದೇ ಹೋಗಬಹುದು.

ಆದ್ದರಿಂದ ಸೇರಿದ ವಾರವೇ ರೂಮ್‌ಮೇಟ್ ಜೊತೆ ಬಿಚ್ಚಿ ಮಾತಾಡಿ. ರೂಮಿನಲ್ಲಿ, ಬಾತ್‌ರೂಮಿನಲ್ಲಿ, ಮೆಟ್ಟಿಲಲ್ಲಿ ಸೇದುವುದು ಬೇಡವೇ ಬೇಡ. ಸೇದುವವರು ಗೇಟಿನಾಚೆ, ಬೈಕು, ಸಿಲಿಂಡರುಗಳಿಂದ ದೂರ ಹೋಗಲಿ. ಅಲ್ಲೊಂದು ಮರಳು ತುಂಬಿದ ತಗಡಿನ ಡಬ್ಬಿ ಇಡಲು ಓನರ್‌ಗೆ ಹೇಳಿ. ತುಂಡನ್ನು ಅದರಲ್ಲೇ ಹೊಸಕಬೇಕು, ಪ್ಲಾಸ್ಟಿಕ್ ಕಸದ ಬುಟ್ಟಿಗೆ ಹಾಕಬಾರದು.

ಬೆಂಕಿ ಬಿದ್ದಾಗ

ಗೋಡೆಗೆ ತೂಗುಹಾಕಿರುವ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯಾ ಅಂತ ಆಗಾಗ ನೋಡುತ್ತಿರಿ. ಬಳಸುವಾಗ ಪಿನ್ ಎಳೆದು, ಮೂತಿಯನ್ನು ಬೆಂಕಿಯ ಬುಡಕ್ಕೆ ಹಿಡಿದು, ಹಿಡಿ ಒತ್ತಿ, ಅತ್ತಿತ್ತ ಆಡಿಸಿ. ಸಣ್ಣ ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಬೆನ್ನ ಹಿಂದೆ ಬಾಗಿಲು ಇದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ.

ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಲೈಟು, ಫ್ಯಾನು ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಬೆಂಕಿ ದೊಡ್ಡದಾದರೆ ಸಾಮಾನು ಬಿಟ್ಟು ಹೊರಡಿ. ಲಿಫ್ಟ್ ಬೇಡ. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಅದಕ್ಕೆ ನುಗ್ಗದೆ ರೂಮಿಗೆ ವಾಪಸ್ ಬನ್ನಿ. ಬಾಗಿಲು ಹಾಕಿ, ಸಂದಿಗೆ ಒದ್ದೆ ಟವೆಲ್ ತುರುಕಿ, ಕಿಟಕಿ ಹತ್ತಿರ ನಿಂತು ಬಟ್ಟೆ ಬೀಸಿ. 101 ಅಥವಾ 112ಕ್ಕೆ ಕರೆ ಮಾಡಿ, ಕ್ರಾಸ್, ಮೇನ್, ಹತ್ತಿರದ ಗುರುತು ಹೇಳಿ. ಯಾವ ಮಹಡಿ ಅಂತಲೂ ತಿಳಿಸಿ.

ಹೊರಗೆ ಬಂದ ಮೇಲೆ ಎಲ್ಲರೂ ಸೇರುವ ಜಾಗ ಮೊದಲೇ ಗೊತ್ತಿರಲಿ. ಊರಿಗೆ ಹೋಗುವವರು ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ ಹೋಗಿ. ಇಲ್ಲದಿದ್ದರೆ ಊರಲ್ಲಿ ಆರಾಮಾಗಿರುವ ಹುಡುಗನನ್ನು ಹುಡುಕಲು ಅಗ್ನಿಶಾಮಕ ಸಿಬ್ಬಂದಿ ಹೊಗೆಯೊಳಗೆ ನುಗ್ಗಬೇಕಾಗುತ್ತದೆ.