ಕಿಕ್‌ಗೂ ಬೇಸ್‌ಗೂ ಜಗಳ ಬಿಡಿಸುವುದು ಹೇಗೆ?

ಮನೆಯಲ್ಲಿ ಚೆನ್ನಾಗಿಯೇ ಕೇಳಿಸಿದ ಟ್ರ್ಯಾಕು ಕಾರಿನಲ್ಲಿ ಹಾಕಿದರೆ ಡೋರೆಲ್ಲ ಗಡಗಡ. ಫೋನಿನಲ್ಲಿ ಹಾಕಿದರೆ ಬೇಸ್ ಪತ್ತೆಯೇ ಇಲ್ಲ. ಹೊಸದಾಗಿ ಹೌಸ್, ಟೆಕ್ನೋದಂಥ ಡ್ಯಾನ್ಸ್ ಸಂಗೀತ ಮಾಡುವವರು ಆಗ ಹೊಸ ಪ್ಲಗಿನ್ (ಸದ್ದು ತಿದ್ದುವ ಸಾಫ್ಟ್‌ವೇರ್) ಹುಡುಕುತ್ತಾರೆ. ಆದರೆ ಎಷ್ಟೋ ಸಲ ತಪ್ಪು ರೂಮಿನದು.

ಹತ್ತಡಿ ಅಗಲದ ರೂಮನ್ನೇ ತಗೊಳ್ಳಿ. ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ ಅಲೆ ನಿಂತುಬಿಡುತ್ತದೆ. ಕೆಳಗಿನ ಎ ಸ್ವರ 55 ಹರ್ಟ್ಜ್, ಹೆಚ್ಚುಕಡಿಮೆ ಅದೇ. ಸರಿಯಾಗಿ ನಡುವೆ ಕೂತವರಿಗೆ ಆ ಸ್ವರ ಮಾಯ. ಗೋಡೆಗೆ ಒರಗಿದವರಿಗೆ ಅದೇ ಸ್ವರ ಗುಂಯ್ ಅನ್ನುತ್ತದೆ. ನಡುವೆ ಕೂತು ಬೇಸ್‌ನ ಫೇಡರ್ (ಸದ್ದು ಏರಿಸಿ ಇಳಿಸುವ ಹಿಡಿ) ಏರಿಸುತ್ತಾ ಹೋದರೆ ಕಾರಿನ ಡೋರು ನಡುಗದೆ ಇನ್ನೇನು ಮಾಡೀತು? ಮೊದಲು ಟ್ರ್ಯಾಕಿನ ತುಣುಕೊಂದು ಮತ್ತೆ ಮತ್ತೆ ಬರುವಂತೆ ಲೂಪ್ ಹಾಕಿ, ರೂಮೆಲ್ಲ ಓಡಾಡಿ ಕೇಳಿ. ನಡುಮಧ್ಯ ಬಿಟ್ಟು, ಮೂಲೆಯನ್ನೂ ಬಿಟ್ಟು ಕುರ್ಚಿ ಹಾಕಿ. ಅನುಮಾನ ಬಂದರೆ ಹೆಡ್‌ಫೋನ್ ಹಾಕಿಕೊಳ್ಳಿ, ಅದಕ್ಕೆ ರೂಮಿನ ಕಾಟವಿಲ್ಲ.

ವಾಲ್ಯೂಮ್ ಮಾತಾಡುವಷ್ಟೇ ಇರಲಿ. ಜಾಸ್ತಿ ಇಟ್ಟರೆ ನಮ್ಮ ಕಿವಿಗೇ ಬೇಸ್ ದಪ್ಪಗೆ ಕೇಳಿಸುತ್ತದೆ.

ಈಗ ಎಲ್ಲವನ್ನೂ ಮ್ಯೂಟ್ ಮಾಡಿ, ಕಿಕ್ (ಡ್ರಮ್‌ನ ದಪ್ಪ ಪೆಟ್ಟು) ಮತ್ತು ಬೇಸ್ (ಕೆಳಸ್ವರ ನುಡಿಸುವ ವಾದ್ಯ) ಮಾತ್ರ ಬಿಡಿ. ಎರಡೂ ಒಂದೇ ಜಾಗಕ್ಕೆ ನುಗ್ಗಿದರೆ ಏನೂ ಸ್ಪಷ್ಟವಾಗದು. ಒಂದಕ್ಕೆ ಕೆಳಗಿನ ಜಾಗ ಬರೆದುಕೊಡಿ. ಕಿಕ್‌ನ ತೂಕ 50 ಹರ್ಟ್ಜ್‌ನ ಆಸುಪಾಸು ಇದ್ದರೆ, ಬೇಸ್‌ನಲ್ಲಿ ಅಲ್ಲಿ ಎರಡು ಮೂರು ಡೆಸಿಬಲ್ ಇಳಿಸಿ, ಅದರ ಮೈ 90–100ರ ಸುತ್ತ ತುಂಬಲಿ. ಉಲ್ಟಾ ಮಾಡಿದರೂ ಸರಿಯೇ. ಬೇಸ್‌ನ ಪೊಲಾರಿಟಿ ಬಟನ್ (ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿಯೂ ನೋಡಿ. ಒತ್ತಿದಾಗ ಸದ್ದು ದಪ್ಪವಾದರೆ ಹಾಗೇ ಬಿಡಿ.

ಇನ್ನು ಸೈಡ್‌ಚೈನ್. ಬೇಸ್ ಮೇಲೆ ಕಂಪ್ರೆಸರ್ (ಸದ್ದನ್ನು ತಾನಾಗಿ ತಗ್ಗಿಸುವ ಸಾಧನ) ಹಾಕಿ, ಕಿಕ್ ಹೊಡೆದಾಗಲೆಲ್ಲ ಅದು ಬೇಸ್ ತಗ್ಗಿಸುವಂತೆ ಮಾಡಬೇಕು. ಅಟ್ಯಾಕ್, ಅಂದರೆ ತಗ್ಗಿಸುವ ವೇಗ, ಚುರುಕಾಗಿರಲಿ. ರೇಷಿಯೊ, ಅಂದರೆ ತಗ್ಗಿಸುವ ಪ್ರಮಾಣ, 4:1ರಿಂದ ಶುರು ಮಾಡಿ. ಎಲ್ಲರೂ ಎಡವುವುದು ರಿಲೀಸ್‌ನಲ್ಲಿ, ಅಂದರೆ ತಗ್ಗಿದ ಸದ್ದು ವಾಪಸ್ ಬರುವ ಸಮಯದಲ್ಲಿ. 125 ಬಿಪಿಎಂ (ನಿಮಿಷಕ್ಕೆ 125 ಬೀಟ್) ಅಂದರೆ ಒಂದು ಬೀಟ್‌ಗೆ 480 ಮಿಲಿಸೆಕೆಂಡ್. ಮುಂದಿನ ಕಿಕ್ ಬರುವ ಮುಂಚೆ ಬೇಸ್ ಪೂರ್ತಿ ವಾಪಸ್ ಬರಬೇಕಲ್ವಾ? ರಿಲೀಸನ್ನು 150ರಿಂದ 200 ಮಿಲಿಸೆಕೆಂಡ್‌ನೊಳಗೆ ಇಟ್ಟು, ಕಾಲು ತಾಳ ಹಾಕುವವರೆಗೆ ತಿರುಗಿಸಿ. ಬೇಸ್ ಉಸಿರಾಡುವ ಹಾಗೆ ಎದ್ದುಬಿದ್ದು ಕೇಳಿಸುವುದು ಕೆಲವರಿಗೆ ಇಷ್ಟ. ನನಗೆ ಕಿವಿಗೆ ಗೊತ್ತಾಗದಷ್ಟು ಇದ್ದರೆ ಸಾಕು.

ಉಳಿದ ಸಿಂಥ್, ಪ್ಯಾಡ್, ಗಾಯನಕ್ಕೆ 100 ಹರ್ಟ್ಜ್‌ನ ಆಸುಪಾಸಿನಲ್ಲಿ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನದನ್ನು ತಗ್ಗಿಸುವುದು) ಹಾಕಿ. ಸುಮ್ನೆ ಜಾಗ ತಿನ್ನುವ ಕೆಸರೆಲ್ಲ ಹೋಗುತ್ತದೆ. 100ಕ್ಕಿಂತ ಕೆಳಗಿನದು ಮೊನೊ ಇರಲಿ, ಅಂದರೆ ಎರಡೂ ಸ್ಪೀಕರ್‌ನಲ್ಲಿ ಒಂದೇ ಸದ್ದು. ಒಟ್ಟು ಸದ್ದು ತೋರಿಸುವ ಮಾಸ್ಟರ್ ಮೀಟರ್ ಮೈನಸ್ 6 ಡೆಸಿಬಲ್ ದಾಟದಿರಲಿ.

ಕೊನೆಗೆ ಫೋನ್. ಅದರ ಪುಟ್ಟ ಸ್ಪೀಕರ್‌ನಿಂದ 55 ಹರ್ಟ್ಜ್ ಹೊರಡುವುದೇ ಇಲ್ಲ, ಫೇಡರ್ ಎಷ್ಟು ಏರಿಸಿದರೂ ದಂಡ. ಬೇಸ್‌ಗೆ ಒಂಚೂರು ಸ್ಯಾಚುರೇಷನ್ (ಸದ್ದನ್ನು ತುಸು ಒರಟಾಗಿಸುವ ಎಫೆಕ್ಟ್) ಕೊಡಿ. ಆಗ 110, 165, 220ರಲ್ಲೂ ಸದ್ದು ಹುಟ್ಟುತ್ತದೆ. ಇವುಗಳಲ್ಲಿ ಮೇಲಿನವು ಫೋನಿನಲ್ಲೂ ಕೇಳಿಸುತ್ತವೆ, ಕೆಳಗಿನದನ್ನು ಮಿದುಳೇ ತುಂಬಿಕೊಳ್ಳುತ್ತದೆ. ಅಷ್ಟಾದ ಮೇಲೆ ಬೇಸ್ ಫೇಡರನ್ನು ಒಂದು ಡೆಸಿಬಲ್ ಇಳಿಸಿ ನೋಡಿ, ಸಾಮಾನ್ಯವಾಗಿ ಅಷ್ಟು ಇಳಿಸಲು ಜಾಗ ಇರುತ್ತದೆ.